412 ಗ್ರಾಂ

ನನ್ನ ಬಲ ಸ್ತನದ ತೂಕ 412 ಗ್ರಾಂ ಎಂಬುದು ನನಗೆ ತಿಳಿದದ್ದು ಅದನ್ನು ತೆಗೆದು ಹದಿನಾಲ್ಕು ದಿನಗಳಾದ ಮೇಲೆ. ಹೊಲಿಗೆ ಬಿಚ್ಚಿಸಲು ಮೈಸೂರಿಗೆ ಹೋದಾಗ ಪ್ರಯೋಗಾಲಯದ ವರದಿ ಕೈಗೆ ಬಂತು. ಗಡ್ಡೆ 5.2 ಸೆಂಟಿಮೀಟರ್, ಕಂಕುಳಿನಿಂದ ತೆಗೆದ 16 ಗ್ರಂಥಿಗಳ ಪೈಕಿ 3ರಲ್ಲಿ ರೋಗ, ಕತ್ತರಿಸಿದ ಅಂಚಿನಲ್ಲಿ ರೋಗವಿಲ್ಲ. ವೈದ್ಯರು ಪೆನ್ನಿನಿಂದ ಗುರುತು ಹಾಕಿ ವಿವರಿಸಿದ್ದು ಇಷ್ಟನ್ನು. ನನ್ನ ಕಣ್ಣು ಮಾತ್ರ ಮೊದಲ ಸಾಲಿನಲ್ಲಿದ್ದ ತೂಕದ ಮೇಲೆಯೇ ನಿಂತಿತ್ತು. ಊರಿಗೆ ಮರಳುವ ಬಸ್ಸು ಹುಣಸೂರು, ಪಿರಿಯಾಪಟ್ಟಣ, ಬೈಲುಕುಪ್ಪೆ ದಾಟುವವರೆಗೂ ತಲೆಯಲ್ಲಿ ಅದೇ ಸಂಖ್ಯೆ. ಅರ್ಧ ಕಿಲೋಗೂ ಕಡಿಮೆ. ಮಗಳು ಎರಡು ವರ್ಷ ಹಾಲು ಕುಡಿದ, ಹದಿಮೂರನೆಯ ವಯಸ್ಸಿನಿಂದ ನಾನು ಬಟ್ಟೆಯಡಿ ಅಡಗಿಸಿಕೊಂಡೇ ಬಂದ ನನ್ನ ಮೈಯ ಒಂದು ಭಾಗವನ್ನು ಯಾರೋ ತಕ್ಕಡಿಯಲ್ಲಿಟ್ಟು ತೂಗಿ ಬರೆದಿದ್ದರು. ಅದು ನನಗೆ ಅವಮಾನ ಎನಿಸಲಿಲ್ಲ. ಒಬ್ಬರಾದರೂ ಅದು ಇತ್ತು ಎಂದು ಬರೆದಿಟ್ಟರಲ್ಲ ಎನಿಸಿತು.

ನಾನು ಸೋಮವಾರಪೇಟೆ ತಾಲ್ಲೂಕಿನ ಶಾಂತಳ್ಳಿ ಕಡೆಯವಳು. ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಮನೆಯವರಿಗೆ ನಾಲ್ಕು ಎಕರೆ ಅರೇಬಿಕಾ ಕಾಫಿ, ಸಿಲ್ವರ್ ಮರಗಳಿಗೆ ಹಬ್ಬಿಸಿದ ಕಾಳುಮೆಣಸು. 2021ರ ನವೆಂಬರ್‌ನಲ್ಲಿ ಸ್ನಾನ ಮಾಡುವಾಗ ಸೋಪಿನ ಕೈಗೆ ಗಂಟು ಸಿಕ್ಕಿತು. ನೋವಿರಲಿಲ್ಲ. ನೋವಿಲ್ಲದ್ದು ಅಪಾಯವಲ್ಲ ಎಂದು ನಂಬಿಕೊಂಡೆ. ಆ ನವೆಂಬರ್ ನಮ್ಮ ಕಡೆಯ ಬೆಳೆಗಾರರಿಗೆಲ್ಲ ನೆನಪಿದೆ. ಅಕಾಲದ ಮಳೆ ಬಿಡದೆ ಸುರಿದು ಹಣ್ಣು ಕಾಫಿ ಗಿಡದ ಬುಡದಲ್ಲಿ ಉದುರುತ್ತಿತ್ತು, ಕಣದಲ್ಲಿ ಹರಡಿದ್ದು ಒಣಗುತ್ತಿರಲಿಲ್ಲ. ಶಾಲೆ ಬಿಟ್ಟು ಬಂದವಳೇ ಟಾರ್ಪಾಲು ಎಳೆಯುವುದು, ತೆಗೆಯುವುದು. ಕೊಯ್ಲು ಮುಗಿಯಲಿ ಎಂದುಕೊಂಡು ಎರಡು ತಿಂಗಳು ಕಳೆದೆ. ಈ ಎರಡು ತಿಂಗಳನ್ನು ನಾನು ಇಂದಿಗೂ ಮನಸ್ಸಿನಿಂದ ಇಳಿಸಲಾಗಿಲ್ಲ. ನೋಯದ ಗಂಟನ್ನೇ ಮೊದಲು ತೋರಿಸಬೇಕು ಎಂದು ಆಮೇಲೆ ಎಷ್ಟು ಹೆಂಗಸರಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಗಂಟು ಚಿಕ್ಕದಿದ್ದಾಗಲೇ ಹೋಗಿದ್ದರೆ ಅದನ್ನಷ್ಟೇ ತೆಗೆದು, ಕರೆಂಟು, ಅಂದರೆ ವಿಕಿರಣ ಚಿಕಿತ್ಸೆ, ಕೊಟ್ಟು ಸ್ತನವನ್ನು ಉಳಿಸುವ ಅವಕಾಶ ಹೆಚ್ಚಿರುತ್ತಿತ್ತು. ಹಾಗೆ ಉಳಿಸಿಕೊಂಡವರೂ ಪೂರ್ತಿ ತೆಗೆಸಿಕೊಂಡವರಷ್ಟೇ ಕಾಲ ಬದುಕುತ್ತಾರೆ ಎಂಬುದು ದಶಕಗಳ ಹಿಂದೆಯೇ ಖಚಿತವಾಗಿದೆ.

2022ರ ಫೆಬ್ರವರಿಯಲ್ಲಿ ಆಪರೇಷನ್. ಸರ್ಕಾರಿ ನೌಕರರ ಚಿಕಿತ್ಸೆಯ ವೆಚ್ಚ ಭರಿಸುತ್ತಿದ್ದ ಜ್ಯೋತಿ ಸಂಜೀವಿನಿ ಯೋಜನೆ ಇದ್ದುದರಿಂದ ಹಣದ ಚಿಂತೆ ಅಷ್ಟಾಗಿ ಕಾಡಲಿಲ್ಲ. ಎದೆಯ ಪಕ್ಕದಿಂದ ಎರಡು ಸಣ್ಣ ಕೊಳವೆಗಳು ಇಳಿದು ಡಬ್ಬಿಗಳಿಗೆ ಸೇರಿದ್ದವು. ದಿನವೂ ಬೆಳಿಗ್ಗೆ ಅದರಲ್ಲಿ ಸೇರಿದ ನೀರನ್ನು ಅಳೆದು ಬರೆಯಬೇಕು: 140 ಮಿಲಿಲೀಟರ್, 110, 85. ಅದು 30ಕ್ಕಿಂತ ಕೆಳಗಿಳಿದರೆ ಕೊಳವೆ ತೆಗೆಯುತ್ತಾರೆ. ಮನೆಯವರು ಆ ಲೆಕ್ಕವನ್ನು ಕಾಫಿ ತೂಕದ ಪುಸ್ತಕದ ಹಿಂಬದಿಯಲ್ಲಿ ಬರೆದಿಟ್ಟುಕೊಳ್ಳುತ್ತಿದ್ದರು. ಡ್ರೆಸ್ಸಿಂಗ್ ಬದಲಿಸುವಾಗ ನಾನು ಕಿಟಕಿಯ ಕಡೆ ಮುಖ ತಿರುಗಿಸಿಕೊಳ್ಳುತ್ತಿದ್ದೆ. ನರ್ಸ್ ಒಳ್ಳೆಯವರು, ಬಲವಂತ ಮಾಡಲಿಲ್ಲ. "ನೋಡಬೇಕು ಎನಿಸಿದ ದಿನ ನೋಡಿ ಅಮ್ಮ" ಎಂದರು.

ನೋಡಲು ಬಂದವರೆಲ್ಲ ಒಂದು ಮಾತು ಹೇಳಿದರು: "ಜೀವ ಉಳಿಯಿತಲ್ಲ." ಅಕ್ಕ ಹೇಳಿದಳು, ಮುಖ್ಯ ಶಿಕ್ಷಕರು ಹೇಳಿದರು, ತೋಟಕ್ಕೆ ಬರುವ ಹೆಂಗಸರು ಹೇಳಿದರು. ಪ್ರೀತಿಯಿಂದಲೇ ಹೇಳಿದರು, ಸುಳ್ಳೂ ಅಲ್ಲ. ಆದರೆ ಆ ಮಾತಿನ ನಂತರ ನಾನು ಹೇಳುವುದಕ್ಕೆ ಏನೂ ಉಳಿಯುತ್ತಿರಲಿಲ್ಲ. ಜೀವ ಉಳಿದವಳು ಮತ್ತೇನನ್ನಾದರೂ ಕಳೆದುಕೊಂಡೆ ಎಂದರೆ ದೇವರು ಮೆಚ್ಚುತ್ತಾನೆಯೇ? ಆಸ್ಪತ್ರೆಯ ಅದೇ ವಾರ್ಡಿನಲ್ಲಿ ಇದ್ದಬದ್ದದ್ದನ್ನೆಲ್ಲ ಮಾರಿ ಬಂದವರಿದ್ದರು, ರೋಗ ಮೂಳೆಗೆ ಇಳಿದವರಿದ್ದರು. ಅವರ ಮುಂದೆ ನನ್ನದು ದುಃಖವೇ ಅಲ್ಲ ಎಂದು ಬಾಯಿ ಮುಚ್ಚಿಕೊಂಡೆ.

ಕಿಮೊ ಎಂಟು ಸಲ, ಮೂರು ವಾರಕ್ಕೊಮ್ಮೆ. ಮೊದಲ ನಾಲ್ಕರಲ್ಲಿ ರಕ್ತದಂತೆ ಕೆಂಪಗಿರುವ ಔಷಧಿ. ವಾಂತಿ, ಬಾಯಿ ಹುಣ್ಣು, ಕಪ್ಪಾದ ಉಗುರು, ಇವೆಲ್ಲ ಬಂದವು, ಹೋದವು. ಅದರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಬರೆಯಬೇಕಾದದ್ದು ಕೂದಲಿನ ಬಗ್ಗೆ. ಮೂರನೆಯ ವಾರ ಜಡೆ ಕೈಗೆ ಬಂದಾಗ ಊರೇ ಮರುಗಿತು. ಅತ್ತೆ ಅತ್ತುಬಿಟ್ಟರು. ನೆರೆಮನೆಯವರು ಕೊಬ್ಬರಿ ಎಣ್ಣೆಗೆ ಭೃಂಗರಾಜ ಕಾಯಿಸಿ ತಂದುಕೊಟ್ಟು, "ಮತ್ತೆ ಬರುತ್ತದೆ, ಮೊದಲಿಗಿಂತ ಚೆನ್ನಾಗಿ ಬರುತ್ತದೆ" ಎಂದರು. ಶಾಲೆಯ ಹುಡುಗಿಯರು ಬಣ್ಣದ ಸ್ಕಾರ್ಫ್ ಕಳುಹಿಸಿದರು. ಕೂದಲಿನ ಬಗ್ಗೆ ಎಲ್ಲರೂ ಮಾತನಾಡಬಹುದಿತ್ತು, ಏಕೆಂದರೆ ಅದು ಮತ್ತೆ ಬರುತ್ತದೆ. ಮತ್ತೆ ಬಾರದಿರುವುದರ ಬಗ್ಗೆ ಯಾರೂ ಒಂದು ಮಾತು ಆಡಲಿಲ್ಲ. ಆಡುವುದಕ್ಕೆ ಪದವಾದರೂ ಎಲ್ಲಿತ್ತು? ಕನ್ನಡ ಕಲಿಸುವವಳಾಗಿ ನಾನು ಇದನ್ನು ಬಹಳ ಯೋಚಿಸಿದ್ದೇನೆ. ಬಾಣಂತಿಯ ಮುಂದೆ ಮೊಲೆ ಎಂಬ ಪದವನ್ನು ಅಜ್ಜಿಯರು ಎಷ್ಟು ಸಹಜವಾಗಿ ಆಡುತ್ತಾರೆ! ಮಗು ಹಾಲು ಬಿಟ್ಟ ದಿನದಿಂದ ಆ ಪದ ಬೈಗುಳದ ಪಕ್ಕಕ್ಕೆ ಹೋಗಿ ಕೂರುತ್ತದೆ. ಸ್ತನ ಎಂಬುದು ವಿಜ್ಞಾನ ಪುಸ್ತಕದ ಪದ. ಎದೆ ಎಂದರೆ ಧೈರ್ಯವೂ ಹೌದು, ಗಂಡಸಿನದೂ ಹೌದು. ನಾನೇ ವೈದ್ಯರ ಮುಂದೆ "ಆಪರೇಷನ್ ಆದ ಕಡೆ" ಎನ್ನುತ್ತಿದ್ದೆ.

ಸೆಪ್ಟೆಂಬರ್‌ನಲ್ಲಿ ಮೈಸೂರಿನ ಚಿಕ್ಕಮ್ಮನ ಮನೆಯಲ್ಲಿದ್ದು ಹದಿನೈದು ದಿನ ಕರೆಂಟು ಕೊಡಿಸಿಕೊಂಡೆ. ಅಲ್ಲಿಗೆ ಚಿಕಿತ್ಸೆ ಮುಗಿಯಿತು. ಇನ್ನು ರೋಗ ಮರಳದಂತೆ ದಿನಕ್ಕೊಂದು ಟಮಾಕ್ಸಿಫೆನ್ ಮಾತ್ರೆ, ಕನಿಷ್ಠ ಐದು ವರ್ಷ. ಮನೆಯಲ್ಲಿ ಪಾಯಸ ಮಾಡಿದರು.

ನಾನು ಕುಸಿದದ್ದು ಆಮೇಲೆ. ಚಿಕಿತ್ಸೆ ನಡೆಯುವಾಗ ದಿನಕ್ಕೊಂದು ಕೆಲಸವಿತ್ತು, ರಕ್ತಪರೀಕ್ಷೆಯ ತಾರೀಕಿತ್ತು, ಎಲ್ಲರ ಗಮನವಿತ್ತು. ಅದು ಮುಗಿದ ಮರುದಿನ ನಾನು ಎದ್ದು ಅಡುಗೆಮನೆಗೆ ಹೋಗಬೇಕು, ಏನೂ ಆಗದವಳಂತೆ ಇರಬೇಕು. ಬಚ್ಚಲುಮನೆಯ ದೀಪ ಆರಿಸಿ ಸ್ನಾನ ಮಾಡುತ್ತಿದ್ದೆ. ಬೀರುವಿನ ಕನ್ನಡಿಯ ಮೇಲೆ ಟವೆಲ್ ಹಾಕಿದ್ದೆ. ಏಳು ತಿಂಗಳಾಗಿದ್ದರೂ ನಾನು ನನ್ನನ್ನು ನೋಡಿಕೊಂಡಿರಲಿಲ್ಲ.

ನೋಡಿದ್ದು ಆಕಸ್ಮಿಕವಾಗಿ. ಅಕ್ಟೋಬರ್‌ನ ಒಂದು ಭಾನುವಾರ, ಮಳೆ ಹೊಳವಾದ ಮಧ್ಯಾಹ್ನ. ನಮ್ಮ ಬಚ್ಚಲುಮನೆಗೆ ಹಳೆಯ ಹೆಂಚಿನ ಮಾಡು, ನಡುವೆ ಒಂದು ಗಾಜಿನ ಹೆಂಚು. ಪಾಚಿ ಕಟ್ಟಿ ಹಸಿರಾಗಿದ್ದ ಆ ಹೆಂಚನ್ನು ಮನೆಯವರು ಹಿಂದಿನ ದಿನವಷ್ಟೇ ಏಣಿ ಹಾಕಿ ಉಜ್ಜಿದ್ದರು, ನನಗೆ ಗೊತ್ತಿರಲಿಲ್ಲ. ಹಂಡೆಯಿಂದ ನೀರು ತೋಡಿ ಹೊಯ್ದುಕೊಂಡು ತಲೆ ಎತ್ತುವಷ್ಟರಲ್ಲಿ ಬಿಸಿಲು ಕೋಲಿನಂತೆ ನೇರ ನನ್ನ ಎದೆಯ ಮೇಲೆ ಬಿದ್ದಿತ್ತು. ಎದೆಮೂಳೆಯ ಪಕ್ಕದಿಂದ ಹೊರಟು ಕಂಕುಳಿನವರೆಗೆ ಹೋದ ಗೆರೆ. ನಡುವೆ ಒಂದು ಕಡೆ ಚರ್ಮ ಒಳಗೆಳೆದುಕೊಂಡು ಸಣ್ಣ ಕುಳಿಯಾಗಿತ್ತು. ಸುತ್ತ ಕರೆಂಟು ಬಿದ್ದ ಜಾಗ ಚೌಕವಾಗಿ, ಹೊಗೆ ಹಿಡಿದ ಗೋಡೆಯ ಬಣ್ಣಕ್ಕೆ ತಿರುಗಿತ್ತು. ಪಕ್ಕೆಲುಬುಗಳ ಏರಿಳಿತ ಚರ್ಮದಡಿ ಕಾಣುತ್ತಿತ್ತು. ಬಿಸಿನೀರು ಹೊಯ್ದೆ. ಎಡಕ್ಕೆ ಸುಡುತ್ತಿತ್ತು, ಬಲಕ್ಕೆ ನೀರು ಹರಿಯುವುದು ಕಾಣುತ್ತಿತ್ತೇ ಹೊರತು ತಿಳಿಯುತ್ತಿರಲಿಲ್ಲ. ಕಂಕುಳ ಗ್ರಂಥಿಗಳನ್ನು ತೆಗೆಯುವಾಗ ಸಣ್ಣ ನರಗಳೂ ಹೋಗುತ್ತವೆ, ತೋಳಿನ ಒಳಮೈ ಜೋಮು ಹಿಡಿದಂತಿರುತ್ತದೆ ಎಂದು ವೈದ್ಯರು ಹೇಳಿದ್ದರು. ವಿಚಿತ್ರವೆಂದರೆ, ಇಲ್ಲದ ಸ್ತನದ ತುದಿಯಲ್ಲಿ ಆಗಾಗ ತುರಿಕೆಯಾಗುತ್ತದೆ. ಕೈ ಹೋಗುತ್ತದೆ, ಕೈಗೆ ಏನೂ ಸಿಗುವುದಿಲ್ಲ.

ಅಂದು ಬಚ್ಚಲುಮನೆಯ ನೆಲದ ಮೇಲೆ ಕುಳಿತು ಅತ್ತೆ. ಅದು ನಾನು ಆ ಅಂಗಕ್ಕಾಗಿ ಅತ್ತ ಮೊದಲ ದಿನ.

ಶಾಲೆಗೆ ಮರಳಿದೆ. ಕಪ್ಪುಹಲಗೆಯ ಮೇಲೆ ಬರೆಯಲು ಬಲಗೈ ಎತ್ತಬೇಕು. ತೋಳು ಹೆಗಲಿನ ಮಟ್ಟಕ್ಕಿಂತ ಮೇಲೇಳುತ್ತಿರಲಿಲ್ಲ. ಗೋಡೆಗೆ ಎದುರಾಗಿ ನಿಂತು ಬೆರಳುಗಳನ್ನು ಇರುವೆಯಂತೆ ಮೇಲಕ್ಕೆ ನಡೆಸುವ ವ್ಯಾಯಾಮವನ್ನು ಆಸ್ಪತ್ರೆಯಲ್ಲಿ ಕಲಿಸಿದ್ದರು. ನಾನು ಅದನ್ನು ಬಿಟ್ಟುಬಿಟ್ಟಿದ್ದೆ. ಮತ್ತೆ ಶುರು ಮಾಡಿಸಿದವಳು ಮಗಳು. ನಡುಮನೆಯ ಬಾಗಿಲ ಪಕ್ಕದ ಗೋಡೆಯಲ್ಲಿ ಅವಳ ಪ್ರತಿ ಹುಟ್ಟುಹಬ್ಬದ ಎತ್ತರವನ್ನು ಪೆನ್ಸಿಲ್‌ನಿಂದ ಗುರುತಿಸಿದ್ದೆವು. ಅದರ ಪಕ್ಕದಲ್ಲೇ ನನ್ನ ಬೆರಳು ಮುಟ್ಟಿದ ಎತ್ತರಕ್ಕೆ ಅವಳು ಗೆರೆ ಎಳೆಯತೊಡಗಿದಳು, ತಾರೀಕು ಸಹಿತ. ಜನವರಿಯ ಹೊತ್ತಿಗೆ ಅವಳ ಹನ್ನೆರಡನೆಯ ವರ್ಷದ ಗೆರೆಯನ್ನು ದಾಟಿದೆ.

ಕೈ ಎದ್ದಂತೆ ಇನ್ನೊಂದು ಕಷ್ಟ ಎದ್ದಿತು. ಒಳಗೆ ಮಡಿಸಿ ಇಟ್ಟುಕೊಂಡಿದ್ದ ಕರವಸ್ತ್ರ ಕೈ ಎತ್ತಿದಾಗಲೆಲ್ಲ ಮೇಲಕ್ಕೆ ಸರಿದು ಕೊರಳಿನ ಹತ್ತಿರ ಬರುತ್ತಿತ್ತು. ನಾಲ್ಕನೆಯ ತರಗತಿಯ ಹುಡುಗಿಯೊಬ್ಬಳು, "ಟೀಚರ್, ನಿಮ್ಮ ಒಂದು ಕಡೆ ಹೀಗೆ ಯಾಕಿದೆ?" ಎಂದು ಕೇಳಿದಳು. ಕುತೂಹಲ ಬಿಟ್ಟರೆ ಆ ಕಣ್ಣಿನಲ್ಲಿ ಏನೂ ಇರಲಿಲ್ಲ. "ಕಾಯಿಲೆ ಬಂದಿತ್ತು, ಡಾಕ್ಟರ್ ತೆಗೆದರು" ಎಂದೆ. "ನೋವಾಯಿತೇ?" ಎಂದಳು. "ಆಯಿತು" ಎಂದೆ. ಅವಳು ತಲೆಯಾಡಿಸಿ ಕಾಗುಣಿತ ಬರೆಯಲು ಕುಳಿತಳು. ಅಲ್ಲಿಯವರೆಗೆ ನನ್ನನ್ನು ಹಾಗೆ ನೇರವಾಗಿ ಕೇಳಿದವರು ಯಾರೂ ಇರಲಿಲ್ಲ. ಅಂದು ಸಂಜೆ ನನ್ನ ಮನಸ್ಸು ಹಗುರವಾಗಿತ್ತು.

ನಮ್ಮ ಶಾಲೆಯ ಕೊಡವ ಶಿಕ್ಷಕಿಯೊಬ್ಬರು ಇದನ್ನೆಲ್ಲ ಗಮನಿಸಿದ್ದರು. ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ಸ್ಟಾಫ್ ರೂಮಿನ ಬಾಗಿಲು ಹಾಕಿ, "ಅಕ್ಕ, ನಮ್ಮ ಕಡೆ ಉಡುವಂತೆ ಒಮ್ಮೆ ಉಟ್ಟು ನೋಡಿ" ಎಂದರು. ನಾವು ಉಡುವ ರೀತಿಯಲ್ಲಿ ಸೆರಗು ಎಡ ಹೆಗಲಿಗೆ ಹೋಗುತ್ತದೆ, ಎದೆಯ ಬಲಭಾಗ ಅರ್ಧ ತೆರೆದೇ ಇರುತ್ತದೆ. ಕೊಡವರಲ್ಲಿ ನೆರಿಗೆ ಹಿಂದಕ್ಕೆ, ಸೆರಗು ಎಡ ಕಂಕುಳ ಕೆಳಗಿನಿಂದ ಬಂದು ಇಡೀ ಎದೆಯನ್ನು ಹಾದು ಬಲ ಹೆಗಲಿನ ಮೇಲೆ ಪಿನ್ನಿಗೆ ಸೇರುತ್ತದೆ. ಕಾವೇರಿ ತಾಯಿ ಬಲಮುರಿಯಲ್ಲಿ ಹರಿದ ರಭಸಕ್ಕೆ ಹೆಂಗಸರ ನೆರಿಗೆ ಹಿಂದಕ್ಕೆ ತಿರುಗಿತು ಎಂಬ ಕಥೆಯನ್ನು ಹೇಳುತ್ತಲೇ ಅವರು ನನಗೆ ಉಡಿಸಿದರು. ನಾವು ಕೊಡವರಲ್ಲ, ಮನೆಮಾತು ಕನ್ನಡ. ಯಾರಾದರೂ ಏನಾದರೂ ಅಂದರೆ ಎಂದು ಅಳುಕಿದೆ. "ನಮ್ಮ ತಾಯಂದಿರು ಉಟ್ಟದ್ದು ನಿಮಗೆ ಆಸರೆಯಾದರೆ ಯಾರು ಏನೆನ್ನುತ್ತಾರೆ?" ಎಂದರು. ಅಂದಿನಿಂದ ವಾರದಲ್ಲಿ ಮೂರು ದಿನ ಹಾಗೆಯೇ ಉಡುತ್ತೇನೆ.

ಮನೆಯ ವಿಷಯ ಇಷ್ಟು ಸುಲಭದ್ದಾಗಿರಲಿಲ್ಲ. ಆಪರೇಷನ್ ಆದಾಗಿನಿಂದ ಮನೆಯವರು ನಡುಮನೆಯಲ್ಲಿ ಮಲಗುತ್ತಿದ್ದರು. ನನಗೆ ನಿದ್ದೆ ಕೆಡಬಾರದು ಎಂದು ಆರಂಭವಾದದ್ದು ಚಿಕಿತ್ಸೆ ಮುಗಿದರೂ ಬದಲಾಗಲಿಲ್ಲ. ಟಮಾಕ್ಸಿಫೆನ್‌ನಿಂದ ರಾತ್ರಿ ಎರಡು ಗಂಟೆಗೆ ಮೈಯೆಲ್ಲ ಧಗೆಯೆದ್ದು ಬೆವರಿ ಎಚ್ಚರವಾಗುತ್ತಿತ್ತು. ಪಕ್ಕದ ಖಾಲಿ ಹಾಸಿಗೆಯನ್ನು ನೋಡಿ ಇವರಿಗೆ ನನ್ನ ಮೇಲೆ ಹೇಸಿಗೆ ಬಂದಿದೆ ಎಂದು ತೀರ್ಮಾನಿಸಿದೆ. ಕೇಳುವ ಧೈರ್ಯವಾಗಲಿಲ್ಲ. 2023ರ ಜುಲೈನಲ್ಲಿ, ಮಳೆ ಹಿಡಿದರೆ ವಾರಗಟ್ಟಲೆ ಬಿಡದ ನಮ್ಮ ಕಡೆಯ ಜುಲೈನಲ್ಲಿ, ನಾನು ಇದ್ದು ಏನು ಪ್ರಯೋಜನ ಎಂಬ ಯೋಚನೆ ಬರತೊಡಗಿತು. ಒಂದು ರಾತ್ರಿ ಅದು ಬಹಳ ಹತ್ತಿರ ಬಂದು ಕುಳಿತಿತ್ತು. ಶಾಲೆಯ ಸೂಚನಾ ಫಲಕಕ್ಕೆ ನಾನೇ ಅಂಟಿಸಿದ್ದ, ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ ಸಂಖ್ಯೆ ನೆನಪಾಯಿತು: 14416. ನಿಮ್ಹಾನ್ಸ್ ಮುಂದಾಳತ್ವದಲ್ಲಿ 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಸೇವೆ, ಉಚಿತ, ಹಗಲು ರಾತ್ರಿ ಇರುತ್ತದೆ. ಕನ್ನಡದಲ್ಲಿ ಮಾತನಾಡಿದ ಆ ಹೆಣ್ಣುಮಗಳು ಯಾರೆಂದು ನನಗೆ ಗೊತ್ತಿಲ್ಲ. ನಾನು ಹತ್ತು ನಿಮಿಷ ಬರೀ ಅತ್ತೆ, ಆಕೆ ಫೋನ್ ಇಡಲಿಲ್ಲ. ಆಮೇಲೆ ಕೇಳಿದರು: "ಸ್ತನ ಹೋದದ್ದಕ್ಕೆ ನೀವು ದುಃಖ ಪಡುವುದಕ್ಕೆ ನಿಮಗೆ ಯಾರಾದರೂ ಅವಕಾಶ ಕೊಟ್ಟಿದ್ದಾರೆಯೇ?" ಇಲ್ಲ ಎಂದೆ. ನಾನೂ ಕೊಟ್ಟುಕೊಂಡಿರಲಿಲ್ಲ. ಮುಂದಿನ ವಾರ ಮೈಸೂರಿನ ಮನೋವೈದ್ಯರಲ್ಲಿಗೆ ಹೋದೆ. ಟಮಾಕ್ಸಿಫೆನ್ ತೆಗೆದುಕೊಳ್ಳುವವರಿಗೆ ಖಿನ್ನತೆಯ ಕೆಲವು ಮಾತ್ರೆಗಳು ಆಗಿಬರುವುದಿಲ್ಲ, ಅದರ ಕೆಲಸವನ್ನೇ ತಡೆಯುತ್ತವೆ. ಅದಕ್ಕೆ ನನ್ನ ಹಳೆಯ ಚೀಟಿಗಳನ್ನೆಲ್ಲ ನೋಡಿ ಅವರು ಔಷಧಿ ಬರೆದರು. ಟಮಾಕ್ಸಿಫೆನ್ ನುಂಗುವ ಹೆಂಗಸರು ಬೇರೆ ವೈದ್ಯರ ಬಳಿ ಹೋದಾಗ ಇದನ್ನು ತಪ್ಪದೆ ಹೇಳಬೇಕು.

ಮನೆಯವರನ್ನು ಕೇಳಿದ್ದೂ ಆ ತಿಂಗಳೇ. "ನಿಮಗೆ ನನ್ನನ್ನು ನೋಡಲು ಆಗುವುದಿಲ್ಲವೇ?" ಎಂದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. "ನಿದ್ದೆಯಲ್ಲಿ ನನ್ನ ಕೈ ಬಿದ್ದು ನಿನಗೆ ನೋವಾದರೆ ಎಂದು ಹೆದರಿಕೆ. ಆಮೇಲಾಮೇಲೆ ಒಳಗೆ ಬರಲೋ ಬೇಡವೋ ಎಂದು ತಿಳಿಯಲಿಲ್ಲ. ನೀನು ಟವೆಲ್ ಹಾಕಿದ್ದೆಯಲ್ಲ ಕನ್ನಡಿಗೆ" ಎಂದರು. ಕನ್ನಡಿಯ ಟವೆಲನ್ನು ಅವರು ನೋಡಿದ್ದರೆಂಬುದೇ ನನಗೆ ತಿಳಿದಿರಲಿಲ್ಲ. ಗಾಜಿನ ಹೆಂಚು ಉಜ್ಜಿದ್ದೂ ಏಕೆಂದು ನಾನು ಕೇಳಲಿಲ್ಲ. ಎಲ್ಲವೂ ಮೊದಲಿನಂತಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಅವರು ಎಡಕ್ಕೆ ಮಲಗುತ್ತಾರೆ, ಅಷ್ಟಾಯಿತು. ಮುಟ್ಟುವುದನ್ನು ಇಬ್ಬರೂ ಹೊಸದಾಗಿ ಕಲಿಯುತ್ತಿದ್ದೇವೆ.

ಕರವಸ್ತ್ರದ ಸಮಸ್ಯೆಗೆ ಮರಳುತ್ತೇನೆ. ಬೇರೆಡೆಯ ಮಾಂಸದಿಂದ ಅಥವಾ ಸಿಲಿಕೋನ್ ಇಟ್ಟು ಹೊಸ ಸ್ತನ ಮಾಡಿಸಿಕೊಳ್ಳಬಹುದು ಎಂದು ವೈದ್ಯರು ಹೇಳಿದ್ದರು. ಮತ್ತೊಂದು ಆಪರೇಷನ್ ನನಗೆ ಬೇಡವಾಗಿತ್ತು. ಬೇಕು ಎನ್ನುವವರ ನಿರ್ಧಾರವೂ ಅಷ್ಟೇ ಸರಿ. ಹೊರಗೆ ಇಟ್ಟುಕೊಳ್ಳುವ ಸಿಲಿಕೋನ್ ಸ್ತನ ಮೈಸೂರಿನಲ್ಲಿ ಸಿಕ್ಕಿತು, ಹಾಕಿ ನೋಡಿದೆ, ಅರ್ಧ ಗಂಟೆಯಲ್ಲಿ ಅದರಡಿ ಬೆವರಿ ಉರಿಯತೊಡಗಿತು. ಜಂಬೂರಿನಲ್ಲಿ ಒಬ್ಬ ಹೆಂಗಸು ಬಟ್ಟೆಯಲ್ಲಿ ಹೊಲಿದುಕೊಡಬಲ್ಲರು, ಕೈ ಬಹಳ ಚೊಕ್ಕ ಎಂದು ನಮ್ಮ ಅಡುಗೆಯ ಸಿಬ್ಬಂದಿ ಹೇಳಿದರು.

ಜಂಬೂರಿನಲ್ಲಿರುವುದು 2018ರ ಭೂಕುಸಿತದಲ್ಲಿ ಮನೆ ಕಳೆದುಕೊಂಡವರಿಗೆ ಕಟ್ಟಿಸಿಕೊಟ್ಟ ಸಾಲುಮನೆಗಳು. ಕಿಟಕಿಯ ಬಳಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದ ಆಕೆ ತಲೆ ಎತ್ತಿ ನೋಡಿದ ಕೂಡಲೇ, "ನೀವು ಕ್ಯಾಂಪಿನಲ್ಲಿದ್ದ ಟೀಚರ್ ಅಲ್ಲವೇ?" ಎಂದರು. ನನಗೂ ಗುರುತು ಸಿಕ್ಕಿತು. ಆ ಆಗಸ್ಟ್‌ನಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಮಾದಾಪುರದ ಸುತ್ತಿನ ಗುಡ್ಡಗಳು ಕುಸಿದಾಗ ನನ್ನನ್ನು ಪರಿಹಾರ ಕೇಂದ್ರದ ಕೆಲಸಕ್ಕೆ ಹಾಕಿದ್ದರು. ಊಟ ಮುಟ್ಟದೆ ಮೂಲೆಯಲ್ಲಿ ಕುಳಿತಿದ್ದ ಹೆಂಗಸೊಬ್ಬರು "ನನ್ನ ಮಿಷನ್ ಹೋಯಿತು, ನನ್ನ ಮಿಷನ್" ಎನ್ನುತ್ತಲೇ ಇದ್ದರು. ಪಕ್ಕದಲ್ಲಿ ಕುಳಿತು ಅವರ ಕೈ ಹಿಡಿದು ನಾನು ಹೇಳಿದ್ದೆ: "ಜೀವ ಉಳಿಯಿತಲ್ಲಮ್ಮ. ಮಿಷನ್ ಇನ್ನೊಂದು ತೆಗೆದುಕೊಳ್ಳಬಹುದು."

ಆ ಮಾತು ನೆನಪಾಗಿ ನನಗೆ ಕುಳಿತಲ್ಲಿ ಕೂರಲಾಗಲಿಲ್ಲ. "ಅಂದು ಹಾಗೆ ಹೇಳಬಾರದಿತ್ತು" ಎಂದೆ.

"ಬಿಡಿ ಟೀಚರ್, ಆಗ ಎಲ್ಲರೂ ಹೇಳಿದ್ದು ಅದನ್ನೇ. ಆ ಮಿಷನ್ ನನ್ನ ಅಮ್ಮ ಕೊಡಿಸಿದ್ದು. ಪೆಡಲ್ ನನ್ನ ಕಾಲಿನ ಅಚ್ಚಿಗೆ ಸವೆದಿತ್ತು. ಇದು ಸರ್ಕಾರದಿಂದ ಬಂತು, ಚೆನ್ನಾಗಿಯೇ ಹೊಲಿಯುತ್ತದೆ" ಎಂದು ಯಂತ್ರದ ಮೇಲೆ ಕೈಯಾಡಿಸಿದರು. ಸ್ವಲ್ಪ ಹೊತ್ತು ಬಿಟ್ಟು, "ಆದರೂ ಅದು ಅದೇ" ಎಂದರು. ಬಾಗಿಲು ಹಾಕಿ ಬಂದು ಟೇಪು ತೆಗೆದರು. "ರವಿಕೆ ತೆಗೆಯಿರಿ, ಅಳತೆ ಸರಿಯಾಗಿ ಬೇಕು." ನಾನು ತೆಗೆದೆ. ಅವರು ಗೆರೆಯನ್ನು ನೋಡಿದರು, ಕುಳಿ ಬಿದ್ದ ಜಾಗಕ್ಕೆ ಬೆರಳಿಟ್ಟು, "ಇಲ್ಲಿ ಸ್ವಲ್ಪ ಹೆಚ್ಚು ತುಂಬಬೇಕು" ಎಂದು ಚೀಟಿಯಲ್ಲಿ ಬರೆದುಕೊಂಡರು.

ಬರೀ ಹತ್ತಿ ತುಂಬಿದರೆ ಹಗುರವಾಗಿ ಮೇಲೇರುತ್ತದೆ, ಭಾರ ಬೇಕು. ಭಾರ ಎಷ್ಟೆಂದು ಕೇಳಿದಾಗ ನಾನು ತಡವರಿಸದೆ 412 ಗ್ರಾಂ ಎಂದೆ. ಮೊದಲು ಸಾಸಿವೆ ತುಂಬಿದೆವು. ಹಳೆಯ ಪಂಚೆಯ ಮೆತ್ತನೆಯ ಬಟ್ಟೆಯಲ್ಲಿ ನೀರಿನ ಹನಿಯ ಆಕಾರದ ಚೀಲ, ಹೊರಗೆ ಹತ್ತಿಯ ಪದರ, ಹಿಂಬದಿ ಚಪ್ಪಟೆ, ಬಾಯಿಗೆ ದಾರ. ರವಿಕೆಯ ಒಳಗೆ ಅದನ್ನು ಕೂರಿಸಲು ಜೇಬು. ಪೂರ್ತಿ ತೂಕ ತುಂಬಿದರೆ ಹೆಗಲು ಎಳೆಯುತ್ತಿತ್ತು, ಕಡಿಮೆ ಮಾಡುತ್ತಾ ಬಂದು ಕಾಲು ಕಿಲೋದಲ್ಲಿ ನಿಲ್ಲಿಸಿದೆವು. ಕೈಯಲ್ಲಿ ಹಿಡಿದಾಗ ಸಾಸಿವೆ ಜಾರಿ ಅಂಗೈಗೆ ಹೊಂದಿಕೊಳ್ಳುವ ರೀತಿ ಎಷ್ಟು ಹಳೆಯ ಪರಿಚಯದಂತಿತ್ತೆಂದರೆ ನಾನು ಅದನ್ನು ಕೆಳಗಿಡದೆ ಬಹಳ ಹೊತ್ತು ಹಾಗೆಯೇ ಕುಳಿತೆ. ಆಕೆ ಅವಸರ ಮಾಡಲಿಲ್ಲ, ಬೇರೆ ರವಿಕೆಗೆ ಗುಂಡಿ ಹೊಲಿಯುತ್ತಿದ್ದರು.

ಸಾಸಿವೆ ನಮ್ಮ ಮಳೆಗಾಲಕ್ಕೆ ನಿಲ್ಲಲಿಲ್ಲ. ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿದರೂ ಹತ್ತು ದಿನದಲ್ಲಿ ಬೂಷ್ಟು ಹಿಡಿದು ವಾಸನೆ ಬಂತು. ಮಗಳು ತನ್ನ ಚಿಕ್ಕಂದಿನ ಗಾಜಿನ ಮಣಿಗಳ ಡಬ್ಬ ತಂದು ಮುಂದಿಟ್ಟಳು. ಮಣಿಯನ್ನು ತೊಳೆಯಬಹುದು, ಒಣಗುತ್ತದೆ, ಹುಳ ಹಿಡಿಯುವುದಿಲ್ಲ. ಈಗ ನಾನು ಧರಿಸುವುದು ಅದನ್ನೇ. ಹೀಗೆ ಹೊಲಿಸಿಕೊಳ್ಳಲು ಅನುಕೂಲವಿಲ್ಲದವರಿಗೆ ಮುಂಬೈಯ ಸಾಯಿಶಾ ಇಂಡಿಯಾ ಫೌಂಡೇಶನ್ ಹತ್ತಿ ನೂಲಿನಲ್ಲಿ ಹೆಣೆದ ಸ್ತನಗಳನ್ನು ಉಚಿತವಾಗಿ ಕೊಡುತ್ತದೆ. ಅಮೆರಿಕದಲ್ಲಿ 1952ರಷ್ಟು ಹಿಂದೆಯೇ ಟೆರೀಸ್ ಲ್ಯಾಸರ್ ಎಂಬ ಮಹಿಳೆ, ತನಗೆ ಇದೇ ಶಸ್ತ್ರಚಿಕಿತ್ಸೆಯಾದ ಮೇಲೆ, ಆಸ್ಪತ್ರೆಗಳಲ್ಲಿ ಮಲಗಿದ್ದ ಹೆಂಗಸರ ಹಾಸಿಗೆಯ ಬಳಿಗೆ ಹೋಗಿ ಮಾತನಾಡಿಸತೊಡಗಿದ್ದರು. ರೀಚ್ ಟು ರಿಕವರಿ ಎಂಬ ಹೆಸರಿನಲ್ಲಿ ಅದು ಬೆಳೆಯಿತು. ಅದನ್ನು ಓದಿದಾಗ, ನನ್ನ ಮಂಚದ ಪಕ್ಕದಲ್ಲೂ ಅಂಥವರೊಬ್ಬರು ಬಂದು ಕೂರಬೇಕಿತ್ತು ಎಂದು ಆಸೆಯಾಯಿತು. ಕಳೆದ ವರ್ಷ ಕೊಡ್ಲಿಪೇಟೆಯ ಕಡೆಯ ಹೆಂಗಸೊಬ್ಬರಿಗೆ ಆಪರೇಷನ್ ಆದಾಗ ನಾನೇ ಹೋದೆ. ಜೀವದ ಮಾತು ಎತ್ತಲಿಲ್ಲ. "ಯಾವ ಕಡೆ?" ಎಂದು ಕೇಳಿದೆ. ಆಕೆ ಸೆರಗು ಸರಿಸಿ ತೋರಿಸಿದರು.

ಮಗಳಿಗೆ ಈಗ ಹದಿನೈದು. ಅವಳು ಸಡಿಲ ಅಂಗಿ ಹಾಕಿಕೊಂಡು ಹೆಗಲು ಮುಂದಕ್ಕೆ ಬಾಗಿಸಿ ನಡೆಯತೊಡಗಿದ್ದನ್ನು ನಾನು ತಡವಾಗಿ ಗಮನಿಸಿದೆ. "ಅಮ್ಮ, ನನಗೂ ಬರುತ್ತದೆಯೇ?" ಎಂಬ ಪ್ರಶ್ನೆ ಅವಳೊಳಗೆ ಎರಡು ವರ್ಷ ಇತ್ತಂತೆ. ವಂಶದಿಂದ ಬರುವುದು ನೂರರಲ್ಲಿ ಐದರಿಂದ ಹತ್ತು ಮಾತ್ರ, ನನ್ನ ವಂಶವಾಹಿ ಪರೀಕ್ಷೆಯಲ್ಲಿ ದೋಷ ಸಿಕ್ಕಿಲ್ಲ ಎಂದು ವರದಿಯನ್ನೇ ತೆರೆದು ಓದಿಸಿದೆ. ಆಮೇಲೆ ಬೀರುವಿನ ಕನ್ನಡಿಯ ಮುಂದೆ ನಿಂತು ನನ್ನ ಗೆರೆಯನ್ನು ತೋರಿಸಿದೆ. ಟವೆಲ್ ಎಂದೋ ತೆಗೆದಾಗಿತ್ತು. ಅವಳು ತೋರುಬೆರಳಿನಿಂದ ಈ ತುದಿಯಿಂದ ಆ ತುದಿಯವರೆಗೆ ಗೆರೆಯ ಮೇಲೆ ಹೋದಳು.

ಅತ್ತೆ ಮಾತ್ರ ಒಮ್ಮೆಯೂ ನೋಡಿರಲಿಲ್ಲ, ಕೇಳಿರಲೂ ಇಲ್ಲ. ಗಂಜಿ ಮಾಡಿಕೊಟ್ಟರು, ಹುಣ್ಣಿಗೆ ತುಪ್ಪ ಸವರಿದರು, ಬಲಗೈಗೆ ಮುಳ್ಳು ತಾಗಬಾರದು, ಜಿಗಣೆ ಕಚ್ಚಬಾರದು, ಗಾಯವಾದರೆ ಕೈ ಊದಿಕೊಳ್ಳುತ್ತದೆ ಎಂದು ವೈದ್ಯರು ಹೇಳಿದ್ದನ್ನು ಕೇಳಿಕೊಂಡು ನನ್ನನ್ನು ತೋಟಕ್ಕೇ ಇಳಿಯಗೊಡಲಿಲ್ಲ. ಆದರೆ ಎದೆಯ ಕಡೆ ಅವರ ಕಣ್ಣು ಬರುತ್ತಿರಲಿಲ್ಲ.

ಕಳೆದ ತುಲಾ ಮಾಸದಲ್ಲಿ ಭಾಗಮಂಡಲಕ್ಕೆ ಕರೆದುಕೊಂಡು ಹೋಗು ಎಂದರು. ಕಾಯಿಲೆಯ ನಂತರ ನಾನು ಸಂಗಮದ ಸ್ನಾನಕ್ಕೆ ಹೋಗಿರಲಿಲ್ಲ. ಒದ್ದೆ ಸೀರೆ ಮೈಗಂಟಿದರೆ ಮುಚ್ಚಲು ಏನೂ ಉಳಿಯುವುದಿಲ್ಲ. ಅಂದು ಮಣಿಯ ಚೀಲವನ್ನು ಒಣಬಟ್ಟೆಯ ಬುಟ್ಟಿಯಲ್ಲಿಟ್ಟು ನೀರಿಗಿಳಿದೆ. ಕಾವೇರಿ, ಕನ್ನಿಕೆ ಸೇರುವಲ್ಲಿ ನೀರು ಮಂಡಿಯವರೆಗೂ ಇರಲಿಲ್ಲ, ಕೊರೆಯುವ ಚಳಿ. ಮೂರು ಸಲ ಮುಳುಗಿ ಎದ್ದೆ. ಪಕ್ಕದಲ್ಲಿದ್ದ ಒಬ್ಬಿಬ್ಬರು ನೋಡಿದರು, ಕಣ್ಣು ಆಚೆ ಮಾಡಿಕೊಂಡರು. ನನ್ನ ಕಾಲು ನಡುಗಿತು, ಆದರೆ ಕೈಯಿಂದ ಮುಚ್ಚಿಕೊಳ್ಳಲಿಲ್ಲ.

ಬಟ್ಟೆ ಬದಲಿಸುವ ಕೋಣೆಯ ಮುಂದೆ ಉದ್ದ ಸಾಲು. ಅತ್ತೆಯೂ ಮಗಳೂ ದಡದ ಮೂಲೆಯೊಂದರಲ್ಲಿ ಸೀರೆಯ ಎರಡು ತುದಿ ಹಿಡಿದು ಮರೆ ಮಾಡಿ ನಿಂತರು. ಅತ್ತೆ ಎಂದಿನಂತೆ ನನಗೆ ಬೆನ್ನು ಮಾಡಿದ್ದರು. ಒದ್ದೆ ರವಿಕೆ ತೆಗೆದು ನಿಂತವಳು, "ಅತ್ತೆ, ಈ ಕಡೆ ತಿರುಗಿ" ಎಂದೆ. ಅವರು ತಿರುಗಲಿಲ್ಲ. ಇನ್ನೊಮ್ಮೆ ಕರೆದೆ.

ತಿರುಗಿದರು. ತಮ್ಮ ಕೈಯ ತುದಿಯನ್ನೂ ಮೊಮ್ಮಗಳಿಗೆ ಕೊಟ್ಟರು. ಬುಟ್ಟಿಯಿಂದ ಟವೆಲ್ ತೆಗೆದುಕೊಂಡು ಹತ್ತಿರ ಬಂದು ಎದೆಯ ಬಲಭಾಗವನ್ನು, ಗೆರೆಯ ಉದ್ದಕ್ಕೂ, ಆ ಕುಳಿಯನ್ನೂ ಒತ್ತಿ ಒತ್ತಿ ಒರೆಸಿದರು. "ಇಲ್ಲೆಲ್ಲ ನೀರು ನಿಂತಿದೆ, ಶೀತವಾಗುತ್ತದೆ" ಎಂದರು. ಟವೆಲ್ ತಾಗುವುದು ನನಗೆ ತಿಳಿಯುತ್ತಿರಲಿಲ್ಲ. ಅವರ ಕೈ ಹೋಗಿ ಬರುವುದನ್ನು ನೋಡುತ್ತಾ ನಿಂತೆ.